ಫ್ರೌಕೆಯ ನೀಲಿ ಹೂವಿಗೆ ವಿಷ ಹಾಕಿದ್ದು ಯಾರು?

ಟೆರ್ಸ್ಕೆಲಿಂಗ್ ದ್ವೀಪದ ಗಾಳಿಗೆ ಮನೆಯ ಹೆಂಚು ನಿಲ್ಲುವುದೇ ಕಷ್ಟ. ಅಂಥ ಕಡೆ ಫ್ರೌಕೆಯ ಹೈಡ್ರೇಂಜಿಯಾ ಗಿಡ ಬೇಲಿಯುದ್ದಕ್ಕೂ ಹಬ್ಬಿ ನಿಂತಿತ್ತು. ಅದರ ಹೂವು ಎಷ್ಟು ನೀಲಿ ಅಂದರೆ, ಮಂಜು ಬಿದ್ದ ದಿನ ಮೀನುಗಾರರು ಅದನ್ನೇ ಕಡಲು ಅಂದುಕೊಂಡು ಬೇಲಿಗೆ ಲಂಗರು ಹಾಕಿದ್ದೂ ಉಂಟು. ನಂಬದಿದ್ದರೆ ಬೇಲಿಯ ಗೂಟ ನೋಡಿ ಬನ್ನಿ, ಇವತ್ತಿಗೂ ವಾಲಿಕೊಂಡೇ ಇದೆ.

ಈ ಬೇಸಿಗೆಯಲ್ಲಿ ಆ ಗಿಡಕ್ಕೆ ಏನೋ ಆಯಿತು. ತುದಿಯ ಎಳೆ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿ ಉಳಿದವು. ಅರಳಿದ ಹೂವಂತೂ ಒಗೆದೊಗೆದು ಬಣ್ಣ ಬಿಟ್ಟ ಕೆಂಪು ಕಾಲುಚೀಲದ ಹಾಗೆ ಮಾಸಲು ಗುಲಾಬಿ.

"ಇದು ರೋಗ ಅಲ್ಲ," ಅಂದಳು ಫ್ರೌಕೆ. "ಯಾರೋ ವಿಷ ಹಾಕಿದಾರೆ."

ಗಂಡ ಯೆಲ್ಲೆ ತೋಟದ ಗುಡಿಸಲ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಚೀಸು ತಿನ್ನುತ್ತಿದ್ದ. "ಯಾರು?"

"ಯಾರು ಅಂತ ಬೇರೆ ಕೇಳ್ತೀಯಾ! ಬೇಲಿ ಆಚೆ ಇರೋನು ಯಾರು?"

ಬೇಲಿಯಾಚೆ ಇದ್ದವನು ರಿನ್ಸೆ. ಹಡಗಿನ ಇಂಜಿನ್ ಕೆಲಸ ಮಾಡಿ ನಿವೃತ್ತಿಯಾದವನು. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಕಾಫಿಯಿಂದ ಸಂಜೆಯ ಸೂಪಿನವರೆಗೆ ಅವನಿಗೆ ಆ ತೋಟವೇ ಮನೆ. ಹೋದ ವರ್ಷ ಅವನು, "ನಿನ್ನ ಗಿಡ ನನ್ನ ಹುರುಳಿಕಾಯಿಯ ಬಿಸಿಲೆಲ್ಲಾ ತಿಂತಿದೆ ಕಣೇ," ಎಂದು ಗೊಣಗಿದ್ದ. ಮೊನ್ನೆ ಫ್ರೌಕೆ ಮಗಳ ಮನೆಗೆ ಹೋಗಿದ್ದಾಗ, ಅವನು ಬೇಲಿಯ ಮೇಲಿಂದ ಬಗ್ಗಿ ಗಿಡಕ್ಕೆ ಏನನ್ನೋ ಸುರಿಯುತ್ತಿದ್ದನಂತೆ. ಬೇಕರಿಯವಳು ಕಣ್ಣಾರೆ ಕಂಡಿದ್ದಳು. ಇನ್ನೇನು ಬೇಕು?

ಅವತ್ತಿನಿಂದ ರಿನ್ಸೆ ಕೈ ಬೀಸಿದರೆ, "ನೋಡು, ತಪ್ಪು ಮಾಡಿದೋನ ನಯ!" ಕೈ ಬೀಸದಿದ್ದರೆ, "ನೋಡು, ಮುಖ ತೋರಿಸೋಕೂ ಆಗ್ತಿಲ್ಲ!" ಅವನು ಸೀನಿದರೂ ಫ್ರೌಕೆಗೆ ಅನುಮಾನ.

ಶನಿವಾರ ತೋಟದ ಸಂಘದ ಸಭೆ. ಅಲ್ಲಿನ ತೋಟದ ಜಾಗವೆಲ್ಲ ಸಂಘದ್ದೇ, ಜನರಿಗೆ ಬಾಡಿಗೆಗೆ ಕೊಟ್ಟಿದ್ದು. ಇನ್ನೊಬ್ಬರ ಗಿಡಕ್ಕೆ ವಿಷ ಹಾಕಿದವರ ತೋಟ ಕಿತ್ತುಕೊಳ್ಳಬೇಕೆಂದು ಸಂಘದ ನಿಯಮ. ದೂರು ಕೊಡುತ್ತೇನೆಂದು ಫ್ರೌಕೆ ಊರಿಗೆಲ್ಲ ಹೇಳಿಯಾಗಿತ್ತು.

ಶುಕ್ರವಾರ ಮಿಂಕೆ ಬಂದಳು. ಸಂಘದಲ್ಲಿ ಗಿಡಗಳ ಕಾಯಿಲೆ ನೋಡುವವಳು ಅವಳೇ. ಫ್ರೌಕೆಯ ಜೊತೆ ಶಾಲೆಗೆ ಹೋದವಳು.

"ದೂರು ಆಮೇಲೆ ಕೊಡುವೆಯಂತೆ, ಮೊದ್ಲು ಗಿಡ ತೋರ್ಸು."

"ನೀನು ಅವನ ಕಡೆನಾ?"

"ನಾನು ಗಿಡದ ಕಡೆ ಮಾರಾಯ್ತಿ." ಮಿಂಕೆ ಕುಕ್ಕರುಗಾಲಲ್ಲಿ ಕೂತು ಎಲೆ ತಿರುಗಿಸಿದಳು. "ಹಳದಿ ಎಲ್ಲಿಂದ ಶುರುವಾಗಿದೆ ನೋಡು. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗಿದ್ರೆ ಸಾರಜನಕ ಸಾಲ್ತಿಲ್ಲ ಅಂತ ಅನ್ಕೋಬಹುದಿತ್ತು. ಇಲ್ಲಿ ತುದಿ ಎಲೆ ಹಳದಿ, ನರ ಹಸಿರು. ಗಿಡಕ್ಕೆ ಕಬ್ಬಿಣದಂಶ ಸಿಗ್ತಿಲ್ಲ."

"ಸಿಗದೇ ಏನು? ಡಬ್ಬಿಗಟ್ಟಲೆ ಗೊಬ್ಬರ ಸುರಿದಿದೀನಿ!"

"ಅದಕ್ಕೇ ಎಲೆ ಅಂಚು ಸುಟ್ಟಿರೋದು. ಕಬ್ಬಿಣ ಮಣ್ಣಲ್ಲೇ ಇರುತ್ತೆ ಕಣೇ. ಮಣ್ಣಿನ ಹುಳಿ ಹೋದ್ರೆ ಬೇರಿಗೆ ಅದನ್ನ ಎಳ್ಕೊಳ್ಳೋಕೆ ಆಗಲ್ಲ. ತಟ್ಟೆ ತುಂಬ ಬಡಿಸಿ ಬಾಯಿ ಕಟ್ಟಿದ ಹಾಗೆ. ಈ ಹೂವು ನೀಲಿಯಾಗ್ಬೇಕಾದ್ರೂ ಮಣ್ಣು ಹುಳಿಯಾಗಿರ್ಬೇಕು."

ಮಿಂಕೆ ಚೀಲದಿಂದ ಹುಳಿ ಅಳೆಯುವ ಕಾಗದದ ಪಟ್ಟಿಗಳನ್ನು ತೆಗೆದಳು. ತೋಟದ ದೂರದ ಮೂಲೆಯ ಮಣ್ಣನ್ನು ಶುದ್ಧ ನೀರಲ್ಲಿ ಕಲಸಿ ಪಟ್ಟಿ ಅದ್ದಿದಳು. ಪಿಎಚ್ ಐದೂವರೆ, ಏಳಕ್ಕಿಂತ ಕಡಿಮೆ, ಅಂದರೆ ಹುಳಿ. ಗಿಡದ ಬುಡದ ಮಣ್ಣಿಗೆ ಇನ್ನೊಂದು ಪಟ್ಟಿ. ಅದು ಏಳನ್ನೂ ದಾಟಿತ್ತು. ಹುಳಿಯ ಸುಳಿವೇ ಇಲ್ಲ.

ಫ್ರೌಕೆ ಕಣ್ಣು ಕಿರಿದು ಮಾಡಿದಳು. "ಆ ಪಟ್ಟಿ ಎಲ್ಲಿಂದ ತಂದೆ? ರಿನ್ಸೆ ಕೊಟ್ನಾ?"

"ಅಂಗಡೀಲಿ ಸಿಗುತ್ತೆ. ನಂಬಿಕೆ ಇಲ್ವಾ? ನಿನ್ನ ಅಡುಗೆಮನೆ ವಿನೆಗರ್ ತಗೊಂಬಾ."

ಬುಡದ ಒಣ ಮಣ್ಣಿಗೆ ವಿನೆಗರ್ ಬಿದ್ದದ್ದೇ ತಡ, ಬುಸ್ಸೆಂದು ನೊರೆ ಎದ್ದಿತು.

"ಇದು ಸುಣ್ಣ. ಮಣ್ಣಿನ ಹುಳಿ ತಿಂದಿರೋದು ಇದೇ," ಅಂದಳು ಮಿಂಕೆ.

"ಅಯ್ಯೋ! ಹಾಗಾದ್ರೆ ಅವನು ಸುಣ್ಣ ಸುರಿದಿದಾನೆ! ಹೇಳಿರ್ಲಿಲ್ವಾ ನಾನು?"

ಮಿಂಕೆ ಕಾಲ ಕೆಳಗಿದ್ದ ಒಂದು ಕಡಲ ಚಿಪ್ಪು ಹೆಕ್ಕಿ ವಿನೆಗರ್‌ಗೆ ಹಾಕಿದಳು. ಅದೇ ನೊರೆ, ಚಿಪ್ಪೂ ಸುಣ್ಣವೇ. ಇವತ್ತೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ ಯೆಲ್ಲೆಯ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

ದ್ವೀಪದಲ್ಲಿ ಎಲ್ಲರ ತೋಟದ ದಾರಿಗೂ ಚಿಪ್ಪೇ ಹಾಸುವುದು. ನಡೆದರೆ ಕರಕರ ಸದ್ದು, ನೋಡಲು ಬೆಳ್ಳಗೆ ಚಂದ. ಹೋದ ಚಳಿಗಾಲದಲ್ಲಿ ಫ್ರೌಕೆ ಹೊಸ ಚಿಪ್ಪು ಹಾಸಿಸಿದ್ದಳು. ಅಷ್ಟು ಸಾಲದೆಂದು, ಬಸವನಹುಳು ಬರಬಾರದೆಂದು, ಉಳಿದ ಚಿಪ್ಪಿನ ಪುಡಿಯನ್ನೆಲ್ಲ ಗಿಡದ ಬುಡಕ್ಕೆ ಒತ್ತೊತ್ತಿ ತುಂಬಿದ್ದಳು.

"ಹೇಳಬಾರದು ಅಂತಿದ್ದೆ," ಎಂದು ಯೆಲ್ಲೆ ಶುರು ಮಾಡಿದ.

"ಹೇಳಬೇಡ!" ಅಂದಳು ಫ್ರೌಕೆ. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಬೇಲಿಯ ಹತ್ತಿರ ಹೋಗಿ ಕೂಗಿದಳು. "ರಿನ್ಸೆ! ಅವತ್ತು ನನ್ನ ಗಿಡಕ್ಕೆ ಸುರಿದಿದ್ದು ಏನು?"

"ಮಳೆ ನೀರು," ಅಂದ ರಿನ್ಸೆ, ಕಳೆ ಕೀಳುತ್ತಲೇ. "ನೀನಿರ್ಲಿಲ್ಲ. ಗಿಡ ಒಣಗ್ತಿತ್ತು."

ಫ್ರೌಕೆ ಬೇಲಿಯ ಮೇಲಿಂದ ಬಗ್ಗಿ ಅವನ ಮಳೆ ಪೀಪಾಯಿಗೆ ಪಟ್ಟಿ ಅದ್ದಿ ನೋಡಿದಳು. ಸುಣ್ಣದ ಸುಳಿವಿಲ್ಲ. ಬರೀ ಮಳೆ ನೀರು!

"ಅವನೊಬ್ಬನೇ ಕಣೇ ಸರಿಯಾದ್ದು ಮಾಡಿದ್ದು," ಅಂದಳು ಮಿಂಕೆ. "ಆ ಪುಡಿ, ಚಿಪ್ಪೆಲ್ಲಾ ಬುಡದಿಂದ ಬಳಿದು ತೆಗಿ. ಪೈನ್ ಎಲೆ, ಕೊಳೆತ ಎಲೆಗೊಬ್ಬರ ಮುಚ್ಚು. ಮಳೆ ನೀರು ಹಾಕು. ಎಲೆ ಹಸಿರಾಗೋಕೆ ಕಬ್ಬಿಣದ ಗೊಬ್ಬರ ಪೊಟ್ಟಣದ ಮೇಲೆ ಬರೆದಷ್ಟೇ ಹಾಕು, ಬೇರೆ ಗೊಬ್ಬರ ಸದ್ಯಕ್ಕೆ ಬೇಡ. ಆಗಾಗ ಮಣ್ಣು ಪರೀಕ್ಷೆ ಮಾಡ್ತಿರು. ನೀಲಿ ಬಣ್ಣ ಮುಂದಿನ ವರ್ಷದ ಮಾತು."

"ಈ ವಿನೆಗರ್ರೇ ಸುರಿದ್ರೆ ಬೇಗ ಆಗಲ್ವಾ?" ಅಂದ ಯೆಲ್ಲೆ.

"ಬೇರು ಸುಟ್ಟು ಬೇಗ ಸಾಯುತ್ತೆ. ಬೇಕಾ?"

ಶನಿವಾರ ಸಭೆಯಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಮೇಲೆಲ್ಲ ಕೂತಿದ್ದರು. ರಿನ್ಸೆ ಕೊನೆಯ ಸಾಲಿನಲ್ಲಿ ಟೋಪಿ ಹಿಂಡುತ್ತಾ ಕೂತಿದ್ದ. ತೋಟ ಹೋಗುತ್ತದೆಂದು ಅವನಿಗೂ ಸುದ್ದಿ ಮುಟ್ಟಿತ್ತು.

"ಫ್ರೌಕೆ, ನಿಮ್ಮ ಗಿಡಕ್ಕೆ ಯಾರೋ ವಿಷ ಹಾಕಿದಾರೆ ಅಂತ ದೂರು ಇದೆಯಲ್ಲ?" ಅಂದರು ಅಧ್ಯಕ್ಷರು.

ಫ್ರೌಕೆ ಎದ್ದಳು. ಮುಖ ಅವಳ ಹೂವಿನಷ್ಟೇ ಗುಲಾಬಿಯಾಗಿತ್ತು. "ಹೌದು. ಹಾಕಿದವಳು ನಾನೇ. ಊರೆಲ್ಲಾ ರಿನ್ಸೆ ಹೆಸರು ಹೇಳ್ಕೊಂಡು ಬಂದೆ. ಅವನ ತಪ್ಪಿಲ್ಲ."

ಕೊನೆಯ ಸಾಲಿನಿಂದ ರಿನ್ಸೆಯ ದನಿ ಬಂತು. "ಹಾಗಾದ್ರೆ ಇವಳ ತೋಟ ಕಿತ್ಕೊಳ್ಳಿ!" ಆಮೇಲೆ ಟೋಪಿ ಹಾಕಿಕೊಂಡು, "ಬೇಡ ಬಿಡಿ. ಆ ಚಿಪ್ಪೆಲ್ಲಾ ಬಳಿಯೋಕೆ ಒಂದು ಜನ್ಮ ಬೇಕು. ನಾನೂ ಸಲಿಕೆ ತರ್ತೀನಿ," ಅಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೂಗಿಡವೂ ಒಂದು ದಿನ ಹಳದಿಯಾದೀತು. ತಕ್ಷಣ ಗೊಬ್ಬರದ ಡಬ್ಬಿ ಎತ್ತಬೇಡಿ. ಹಳದಿಯಾಗಿದ್ದು ಹಳೇ ಎಲೆಯೋ ಎಳೆ ಎಲೆಯೋ ನೋಡಿ. ಮಣ್ಣಿನ ಪಿಎಚ್ ಪರೀಕ್ಷೆ ಮಾಡಿ. ಮೊಟ್ಟೆ ಚಿಪ್ಪು, ಒಲೆ ಬೂದಿ, ಗೋಡೆಯ ಸುಣ್ಣ, ಇವುಗಳಲ್ಲಿ ಏನನ್ನು ನೀವೇ ಅಲ್ಲಿ ಹಾಕಿದ್ದೀರೆಂದು ನೆನಪು ಮಾಡಿಕೊಳ್ಳಿ. ಪಕ್ಕದ ಮನೆಯವರ ಕೈ ನೋಡುವ ಮೊದಲು ನಿಮ್ಮ ಗಿಡದ ಬುಡ ನೋಡಿ.