ಅತ್ತೆಗೆ ಕೊಟ್ಟ ಮದ್ದು

ವಸಡು ಬಾತಿತೆಂದು ನುಂಗಿದ ಆಂಟಿಬಯಾಟಿಕ್ ಮಾತ್ರೆಗಳ ಬೆನ್ನಿಗೇ ಗಂಗೂಬಾಯಿಗೆ ಭೇದಿ ಹಿಡಿಯಿತು. ಔಷಧಿ ತೆಗೆದುಕೊಂಡರೆ ನಿಲ್ಲುವುದು, ಬಿಟ್ಟ ಕೆಲವೇ ದಿನಕ್ಕೆ ಮರಳುವುದು. ಮಳೆಗಾಲದಿಂದ ಬೇಸಿಗೆಯವರೆಗೂ ಇದೇ ಆಯಿತು. ಪ್ರತಿ ಸಲವೂ ಆಕೆ ದೂರಿದ್ದು ಸೊಸೆ ಮೃದುಲಾಳನ್ನೇ.

"ಇಕಿ ಕೈ ಸ್ವಚ್ಛ ಇಲ್ಲ. ಹಾಕಿದ್ದ ಉಂಡು ಸಾಯ್ಲಿಕ್ಹತ್ತೇನಿ," ಎಂದು ಪ್ರತಾಪ ನಗರದ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದೇ ಅನ್ನ ಉಂಡ ಮೃದುಲಾ, ಅವಳ ಗಂಡ ಸಂಕೇತ್ ಇಬ್ಬರ ಹೊಟ್ಟೆಗೂ ಏನೂ ಆಗಿರಲಿಲ್ಲ. ಅದನ್ನು ಯಾರೂ ಗಣಿಸಲಿಲ್ಲ. ಮೃದುಲಾ ಹಲ್ಲು ಕಚ್ಚಿಕೊಂಡು ಅತ್ತೆಯ ಹಾಸಿಗೆ ಒಗೆದಳು.

ಕಡೆಗೆ ಸದರ್ ಬಡಾವಣೆಯ ಡಾಕ್ಟರು ಬಿಡಿಸಿ ಹೇಳಿದರು: ತಪ್ಪು ಅಡುಗೆಯದಲ್ಲ. ಮಾತ್ರೆಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿವೆ, ಆ ಖಾಲಿ ಜಾಗದಲ್ಲಿ ಕೆಟ್ಟದ್ದು ಬೇರೂರಿದೆ. ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಸೋಸಿ, ನಳಿಗೆಯ ಮೂಲಕ ಕರುಳಿಗೆ ಬಿಡಬೇಕು. ಸಂಕೇತ್ ಈಚೆಗಷ್ಟೇ ಕೆಮ್ಮಿಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದ, ಅವನದು ನಡೆಯದು. ಉಳಿದವಳು ಮೃದುಲಾ.

"ಇಕೀದು ನನ್ನ ಹೊಟ್ಟಿಯೊಳಗ? ಸತ್ತರ ಸಾಯ್ತೇನಿ," ಎಂದು ಗಂಗೂಬಾಯಿ ಮುಖ ತಿರುಗಿಸಿದಳು.

ಮೃದುಲಾಳಿಗೂ ಕೊಡುವ ಮನಸ್ಸಿರಲಿಲ್ಲ. ಸಂಕೇತ್ ಅಂಗಲಾಚಿದ.

"ಕೊಡ್ತೀನಿ," ಎಂದಳು ಅವಳು. "ಪ್ರೀತಿಗೆ ಅಲ್ಲ. ಅವರು ಸತ್ರ ನಾನೇ ಕೊಂದೆ ಅಂತೀರಿ, ಅದಕ್ಕ."

ಸಂಕೇತ್ ಅವಳನ್ನು ಪರೀಕ್ಷೆಗೆ ಕರೆದೊಯ್ದ.

ಕುಡಿದ ನೀರೂ ದಕ್ಕದೆ ಸಲೈನ್ ಏರಿಸುವಂತಾದ ದಿನ ಗಂಗೂಬಾಯಿ ಒಪ್ಪಿದಳು. ಯಾರದೆಂದು ಮಾತ್ರ ಎಲ್ಲಿಯೂ ಬಾಯಿಬಿಡಬಾರದೆಂದು ಮಗನಿಂದ ಆಣೆ ಹಾಕಿಸಿಕೊಂಡಳು. ಮೃದುಲಾಳಿಂದ ಯಾರೂ ಆಣೆ ಕೇಳಲಿಲ್ಲ.

ಮದ್ದು ಕರುಳಿಗೆ ಇಳಿದ ವಾರದೊಳಗೆ ಭೇದಿ ನಿಂತಿತು. ತಿಂಗಳುಗಳು ಉರುಳಿದರೂ ಮರಳಲಿಲ್ಲ. ಮುಖಕ್ಕೆ ಕಳೆ ಬಂತು, ನಾಲಿಗೆಗೂ ಬಲ ಬಂತು. ಒಂದು ಸಂಜೆ ನೆರೆಮನೆಯ ಕಲಾವತಿ ನೋಡಲು ಬಂದಾಗ ಗಂಗೂಬಾಯಿ ಅಂದಳು: "ರಾಯರಿಗೆ ಹರಕಿ ಹೊತ್ತಿದ್ದೆ, ಅವರ ಕೃಪಾ. ಇನ್ನ ನನ್ನ ಅಡಿಗಿ ನಾನೇ ಮಾಡ್ಕೋತೇನಿ. ಇಕಿ ಕೈದು ಸಾಕಾತು."

ಚಹಾ ತಂದಿದ್ದ ಮೃದುಲಾ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು.

"ಮಾಡ್ಕೋರಿ ಅತ್ಯಾ. ಆದ್ರ ಈಗ ನಿಮ್ಮ ಹೊಟ್ಟಿಯೊಳಗ ಇರೋದೂ ನಂದೇ," ಎಂದವಳು ಕಲಾವತಿಯ ಎದುರು ಕುಳಿತು ಎಲ್ಲವನ್ನೂ ಮೊದಲಿಂದ ಹೇಳಿದಳು. ಗಂಗೂಬಾಯಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅತ್ತೆ ಬೇರೆ ಒಲೆ ಹೂಡಿದಳು, ಸೊಸೆ ತಡೆಯಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಮೃದುಲಾ ತನಗೆ ಬೇಕಾದಷ್ಟು ಖಾರ ಹಾಕಿಕೊಂಡು ಉಂಡಳು.