ವಾಸಿಯಾದ ಕೈ

ಒದ್ದೆ ಚಾದರದ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ಅವಳು ಎಡಗೈಯಲ್ಲಿ ಹಿಂಡುತ್ತಿದ್ದಳು. ಮುರಿದಿದ್ದ ಬಲಗೈಯ ಕಟ್ಟು ಬಿಚ್ಚಿ ವಾರವಾಗಿತ್ತು.

ಒಳಗೆ ಅತ್ತೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು: "ಪೂರ್ತಿ ವಾಸಿಯಾಯ್ತು ಕಣೇ, ಗುಂಡುಕಲ್ಲಿನ ಹಾಗಿದ್ದಾಳೆ. ಮಕ್ಕಳನ್ನ ಕರ್ಕೊಂಡು ಬಾ, ತಿಂಗಳು ಇದ್ದು ಹೋಗು."

ಅಷ್ಟರಲ್ಲಿ ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿಯ ಯಜಮಾನಿ ಬಾಗಿಲಿಗೆ ಬಂದರು. ಗಂಡನೇ ಎದ್ದು ಹೋದ.

"ಎಲ್ಲಿ ಅಕ್ಕಾ, ಇನ್ನೂ ಚೇತರಿಸ್ಕೊಂಡೇ ಇಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

"ಅವಳ ಹಾಗೆ ಕಾಲರ್ ಕೂರಿಸೋರು ಎಲ್ಲಿ ಸಿಗ್ತಾರಪ್ಪಾ? ಸೋಮವಾರದವರೆಗೆ ಕಾಯ್ತೀನಿ. ಆಮೇಲೆ ಆ ಮಿಷನ್ನಿಗೆ ಇನ್ನೊಬ್ಬಳನ್ನ ಕೂರಿಸ್ಲೇಬೇಕು."

ಹಿತ್ತಲಲ್ಲಿ ಅವಳಿಗೆ ನಗು ಬಂತು. ಮನೆಗೆಲಸಕ್ಕೆ ವಾಸಿಯಾದ ಕೈ ಅಂಗಡಿಗೆ ಮಾತ್ರ ಆಗಿಲ್ಲ! ಹೇಗಿದೆ ಎಂದು ತನ್ನನ್ನು ಇಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು: ಮೂಳೆ ಕೂಡಿದೆ, ಬಲ ಇನ್ನೂ ಬರಬೇಕು.

ಅವಳು ಚಾದರದ ಅಂಚನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಡಿ, ಬಲಗೈಯಿಂದ ಸೂಜಿಯಡಿಗೆ ನೂಕುವಂತೆ ಮೆಲ್ಲಗೆ ನೂಕಿದಳು. ಮಣಿಕಟ್ಟು ನೋಯಿತು. ಆದರೂ ಅಂಚು ಸೊಟ್ಟಗಾಗಲಿಲ್ಲ.

"ಆಯ್ತೇನೇ?" ಎಂದು ಅತ್ತೆ ಕೂಗಿದರು.

"ಆಗ್ತಾ ಇದೆ ಅತ್ತೆ."

ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ತಾನು ಅಲ್ಲಿರುವುದೆಂದು ಅವಳು ನಿಶ್ಚಯಿಸಿದ್ದಳು. ಯಾರಿಗೂ ಹೇಳಲಿಲ್ಲ.