ತಟ್ಟೆಯ ಕೆಳಗಿನ ಗಾಳಿ

ಆ ಮಧ್ಯಾಹ್ನ ಮಾವ ಪ್ರಯೋಗಾಲಯಕ್ಕೆ ಬಂದದ್ದು ಪೆನ್ನು ಕೇಳಲು. ನಾಲ್ಕು ಗಂಟೆಗೆ ವಿಚಾರಣೆಯಿತ್ತು. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಉಗ್ರಾಣಕ್ಕೆ ವರ್ಗ, ಹಾಕದಿದ್ದರೆ ಕೆಲಸವೇ ಇಲ್ಲ. ಅವರು ನನ್ನ ತಾಯಿಯ ತಮ್ಮ. ಈ ಕಾರ್ಖಾನೆಯ ಪುಡಿ ಗೋಪುರವನ್ನು ಇಪ್ಪತ್ತಾರು ವರ್ಷ ನಡೆಸಿದವರು. ನನ್ನನ್ನು ಇಲ್ಲಿಗೆ ಪರೀಕ್ಷಕಿಯಾಗಿ ಸೇರಿಸಿದವರೂ ಅವರೇ.

ಕೆಳಗಿನಿಂದ ಗಾಳಿ ಊದುತ್ತಿರುವವರೆಗೆ ಗೋಪುರದೊಳಗಿನ ಪುಡಿ ನೀರಿನಂತೆ ಕುದಿಯುತ್ತ ಹರಿಯುತ್ತಿರುತ್ತದೆ. ಗಾಳಿ ನಿಂತರೆ ಕುಸಿದು ಕೂರುತ್ತದೆ. ಹೋದ ವಾರ ಆ ಗಾಳಿ ಊದುವ ಬ್ಲೋಯರ್ ಕೆಟ್ಟು ನಿಂತಿತು. ಬದಲಿ ಬ್ಲೋಯರ್ ವೇಗ ಹಿಡಿಯಲು ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಪುಡಿ ಗಟ್ಟಿಯಾಗಿ ಕೂತು ಕೊಳವೆಗಳೆಲ್ಲ ಕಟ್ಟಿಕೊಂಡವು. ಸಲಾಕೆ ಹಿಡಿದು ಕೆರೆಯಲು ಮೂರು ದಿನ ಹಿಡಿಯಿತು. ಕೆಟ್ಟ ಕ್ಷಣವೇ ಬದಲಿ ಬ್ಲೋಯರಿನ ಗುಂಡಿ ಒತ್ತಿದೆ ಎಂದು ಮಾವ ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಏಕೆಂದರೆ ನನ್ನ ವರದಿಯ ಪ್ರಕಾರ ಆ ಪುಡಿ ಕೂರಲು ಮೂವತ್ತೊಂದು ಸೆಕೆಂಡು ಹಿಡಿಯುತ್ತಿತ್ತು. ತಕ್ಷಣ ಒತ್ತಿದ್ದರೆ ಪುಡಿ ಕೂರುವ ಮೊದಲೇ ಗಾಳಿ ಬರಬೇಕಿತ್ತು, ಅಂದಮೇಲೆ ಮಾವ ತೂಕಡಿಸುತ್ತಿದ್ದರು ಎಂದು ಎಲ್ಲರೂ ತೀರ್ಮಾನಿಸಿದ್ದರು. ಅಂದಿನಿಂದ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಳು.

“ಈ ಪುಡಿ ನಿನ್ನ ಮುಂದೆ ಹೊಸ ಸೊಸೆ ಹಾಗೆ ಮೆಲ್ಲಗೆ ಕೂರುತ್ತೆ. ನನ್ನ ಮುಂದೆ ಮೂಟೆ ಇಳಿಸಿದ ಹಾಗೆ ದಬ್ ಅಂತ ಕೂರುತ್ತೆ,” ಎಂದರು ಮಾವ. ಕೋಪವಿರಲಿಲ್ಲ, ಸುಸ್ತಿತ್ತು.

ನನಗೂ ಸಾಕಾಗಿತ್ತು. ಕಣ್ಣಾರೆ ನೋಡಿ ಎಂದು, ಗೋಪುರದಿಂದ ತೆಗೆದಿಟ್ಟಿದ್ದ ಪುಡಿಯನ್ನು ಗಾಜಿನ ಕೊಳವೆಗೆ ಸುರಿದು ಗಾಳಿ ಬಿಟ್ಟೆ. ಗಾಳಿಯ ವಾಲ್ವ್ ಮುಚ್ಚಿದಾಗ ಮೊದಲು ಗುಳ್ಳೆಗಳು ಹೊರಟುಹೋಗುತ್ತವೆ, ಆಮೇಲೆ ಪುಡಿಯ ಮೇಲ್ಮೈ ಒಂದೇ ವೇಗದಲ್ಲಿ ಇಳಿಯುತ್ತದೆ, ಕೊನೆಗೆ ಗಟ್ಟಿಯಾಗುತ್ತದೆ ಎಂದು ವಿವರಿಸಿದೆ. ಎಂದಿನಂತೆ ಬಲಗೈ ವಾಲ್ವ್ ಮೇಲೆ, ಎಡಗೈಯಲ್ಲಿ ಸ್ಟಾಪ್‌ವಾಚ್. ಅವರು ಸುಮ್ಮನೆ ನಿಂತಿದ್ದರೆಂದು ಸ್ಟಾಪ್‌ವಾಚನ್ನು ಅವರಿಗೇ ಕೊಟ್ಟೆ.

ಮಾವ ಬಗ್ಗಿ, ಕೊಳವೆಯ ಬುಡದಲ್ಲಿದ್ದ ಇನ್ನೊಂದು ವಾಲ್ವ್ ತೋರಿಸಿ ಅದು ಯಾಕೆಂದು ಕೇಳಿದರು. ಪುಡಿಯ ಭಾರ ಹೊರುವ ರಂಧ್ರದ ತಟ್ಟೆಯ ಕೆಳಗೆ ಗಾಳಿಯ ಪೆಟ್ಟಿಗೆಯಿದೆ, ಗಾಳಿಯ ವಾಲ್ವ್ ಮುಚ್ಚಿದ ಕ್ಷಣವೇ ಇದನ್ನು ತೆರೆದು ಅಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಆ ಗಾಳಿ ಪುಡಿಯೊಳಗೇ ನುಗ್ಗಿ ಅದನ್ನು ಎತ್ತಿ ಹಿಡಿಯುತ್ತದೆ ಎಂದು ಪಾಠ ಒಪ್ಪಿಸುತ್ತ ಹೋದವಳು ಅರ್ಧಕ್ಕೇ ನಿಂತೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತದ್ದು. ಆದರೆ ಒಂದು ಕೈ ವಾಲ್ವಿಗೆ, ಇನ್ನೊಂದು ಸ್ಟಾಪ್‌ವಾಚಿಗೆ ಹೋದಮೇಲೆ ಮೂರನೆಯದಿರಲಿಲ್ಲ. ಕೋಣೆಯ ತಾಪ, ತೇವಾಂಶ, ಪುಡಿಯ ಮಟ್ಟ ಎಲ್ಲವನ್ನೂ ಮೂರು ಸಲ ನೋಡಿ ಬರೆಯುತ್ತಿದ್ದ ನಾನು ಹನ್ನೊಂದು ತಿಂಗಳಿಂದ ಆ ವಾಲ್ವನ್ನು ಮುಟ್ಟಿಯೇ ಇರಲಿಲ್ಲ.

ಈಗ ಎರಡನ್ನೂ ಒಟ್ಟಿಗೆ ತಿರುಗಿಸಿದೆ. ಪುಡಿ ಸರಕ್ಕನೆ ಇಳಿಯಿತು. ಮಾವ ಓದಿದರು: ಹನ್ನೊಂದು. ಮತ್ತೆರಡು ಸಲ ಮಾಡಿದೆವು. ಹನ್ನೆರಡು, ಹನ್ನೊಂದು. ಯಾರು ಎಷ್ಟು ಬೇಗ ಗುಂಡಿ ಒತ್ತಿದ್ದರೂ ಬದಲಿ ಬ್ಲೋಯರ್ ಆ ಪುಡಿಯನ್ನು ಎತ್ತುತ್ತಿರಲಿಲ್ಲ.

ಮಾವ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟರು.

“ಯಾರಿಗೂ ಹೇಳ್ಬೇಡ ಪುಟ್ಟಿ. ನಿನ್ನ ವರದಿ ಎಲ್ಲಾ ತಪ್ಪು ಅಂತಾಗುತ್ತೆ. ನಂದು ಇನ್ನೆರಡು ವರ್ಷ, ಉಗ್ರಾಣದಲ್ಲಿ ನೊಣ ಹೊಡ್ಕೊಂಡು ಕಳೀತೀನಿ. ಪೆನ್ನು ಕೊಡು.”

“ನೀವು ತೂಕಡಿಸ್ತಿದ್ರಾ ಮಾವ?”

“ಇಲ್ಲ.”

“ಹಾಗಾದ್ರೆ ಪೆನ್ನು ನಂಗೇ ಬೇಕು.”

ವರದಿಯ ತಿದ್ದುಪಡಿ ಹಾಳೆಯಲ್ಲಿ ಹಳೆಯ ಅಂಕಿಯನ್ನೂ ಹೊಸದನ್ನೂ ಬರೆದು, ಕಾರಣ ಎಂಬಲ್ಲಿ ‘ಪರೀಕ್ಷಕಿಯ ತಪ್ಪು’ ಎಂದು ತುಂಬಿದೆ. ವಿಚಾರಣೆಯಲ್ಲಿ ವ್ಯವಸ್ಥಾಪಕರು ಅದನ್ನು ಎರಡು ಸಲ ಓದಿ ಮಾವನ ಸಹಿ ಬೀಳದ ತಪ್ಪೊಪ್ಪಿಗೆಯನ್ನು ಹರಿದರು. ಈ ಹನ್ನೊಂದು ತಿಂಗಳಲ್ಲಿ ಕಾಪಿಟ್ಟ ಮಾದರಿ ಪುಡಿಯ ನಲವತ್ತಾರು ಬಾಟಲಿಗಳನ್ನೂ ಮತ್ತೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ನನ್ನ ಸಹಿಯಲ್ಲಿ ಯಾವ ವರದಿಯೂ ಹೊರಡಬಾರದು ಎಂದರು.

ಮಾವ ಗೋಪುರಕ್ಕೆ ಮರಳಿದರು. ನಾನು ಮೊದಲ ಬಾಟಲಿ ಸುರಿದು ಗಾಳಿ ಬಿಟ್ಟೆ. ಎರಡು ವಾಲ್ವ್‌ಗಳ ಮೇಲೆ ಎರಡು ಕೈ ಇಟ್ಟು, ಸ್ಟಾಪ್‌ವಾಚ್ ಹಿಡಿಯಲು ಯಾರಾದರೂ ಬರಲಿ ಎಂದು ಕಾಯುತ್ತ ಕೂತೆ.